ಗಿರಣಿ ಅವರದು, ನೋಟಿಸು ನಮಗೆ: ಜಾಮೀನು ನಿಂತ ಕಂಪನಿ ಎಷ್ಟು ಕಟ್ಟಬೇಕು?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಯಂತ್ರದ ಬಿಡಿಭಾಗ ಮಾಡುತ್ತೇವೆ. ನಾನು, ನನ್ನ ಹೆಂಡತಿ ಡೈರೆಕ್ಟರುಗಳು. ಚಿಕ್ಕಪ್ಪನ ಮಗ ಗಂಗಾವತಿ ಕಡೆ ಪಾಲುದಾರಿಕೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ. 2018ರಲ್ಲಿ ಅವನ ಸಂಸ್ಥೆ 1.5 ಕೋಟಿ ರೂಪಾಯಿ ಕ್ಯಾಶ್ ಕ್ರೆಡಿಟ್ ಸಾಲ (ಮಿತಿಯೊಳಗೆ ಬೇಕಾದಾಗ ತೆಗೆದು, ಕಟ್ಟುವ ಸಾಲ) ತೆಗೆದುಕೊಂಡಿತು. ಅದಕ್ಕೆ ನಮ್ಮ ಕಂಪನಿ ಗ್ಯಾರಂಟಿ ಕೊಟ್ಟಿತು. ನಮ್ಮ ಆಸ್ತಿ ಯಾವುದನ್ನೂ ಅಡ ಇಟ್ಟಿಲ್ಲ. ಅವನ ಮಾವನೂ ಜಾಮೀನು ನಿಂತಿದ್ದಾರೆ. 2020ರಲ್ಲಿ ಕೊರೊನಾ ಸಾಲ ಅಂತ ಇನ್ನೂ 30 ಲಕ್ಷ ಕೊಟ್ಟರು, ನಮ್ಮ ಸಹಿ ಕೇಳಲಿಲ್ಲ. ಕಳೆದ ವರ್ಷ ಖಾತೆ ಎನ್‌ಪಿಎ, ಅಂದರೆ ಸುಸ್ತಿ ಸಾಲ, ಆಯಿತು. ಈಗ ನಮ್ಮ ಕಂಪನಿಗೆ ನೋಟಿಸು ಬಂದಿದೆ. ಹಳೆ ಸಾಲ 1.74 ಕೋಟಿ, ಕೊರೊನಾ ಸಾಲ 18 ಲಕ್ಷ, ಒಟ್ಟು 1.92 ಕೋಟಿ, 15 ದಿನದಲ್ಲಿ ಕಟ್ಟಿ ಅಂತ. ಗಿರಣಿ ಬ್ಯಾಂಕಿನ ಅಡಮಾನದಲ್ಲಿದೆ. ಅದನ್ನು ಮಾರದೆ ನಮ್ಮ ಹತ್ತಿರ ಬರಬಹುದಾ? ನಮ್ಮ ಮನೆಗೂ ಕುತ್ತಾ? ಗ್ಯಾರಂಟಿ ಕೊಡುವಾಗ ಬೋರ್ಡ್ ಮೀಟಿಂಗೇ ಮಾಡಿರಲಿಲ್ಲ. ಹಾಗಾದರೆ ಅದು ರದ್ದಾಗುವುದಿಲ್ಲವೇ?

ಉತ್ತರ: ಬೇಸರದ ಸುದ್ದಿ ಮೊದಲೇ ಹೇಳಿ ಮುಗಿಸುತ್ತೇನೆ. ಬರಬಹುದು. ಗಿರಣಿಗೆ ಬೀಗ ಹಾಕದೆ, ನಿಮ್ಮ ಚಿಕ್ಕಪ್ಪನ ಮಗನ ಮೇಲೆ ಒಂದು ಕೇಸೂ ಹಾಕದೆ, ಬ್ಯಾಂಕು ಸೀದಾ ನಿಮ್ಮ ಕಂಪನಿಯ ಬಾಗಿಲಿಗೆ ಬರಬಹುದು.

ಜಾಮೀನುದಾರ ಅಂದರೆ ಹಿಂದಿನ ಬೆಂಚಿನವನು, ಮುಂದಿನವನ ಹತ್ತಿರ ಏನೂ ಸಿಗದಿದ್ದಾಗ ಮಾತ್ರ ಅವನನ್ನು ಎಬ್ಬಿಸುತ್ತಾರೆ ಅಂತ ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಕಾನೂನು ಹಾಗಿಲ್ಲ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಒಂದೇ ಸಾಲಿನದು. ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನು, ಆಮೇಲೆ ಇವನು ಎಂಬ ಸರದಿ ಅದರಲ್ಲಿ ಇಲ್ಲ.

ಈ ಪ್ರಶ್ನೆ 1968ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬ್ಯಾಂಕ್ ಆಫ್ ಬಿಹಾರ್‌ನ ಪ್ರಕರಣ. ಸಾಲ ಸಣ್ಣದು, ಅಸಲು 12 ಸಾವಿರ ರೂಪಾಯಿಯೊಳಗೆ. ಕೆಳಗಿನ ಕೋರ್ಟು ಸಾಲಗಾರ, ಜಾಮೀನುದಾರ ಇಬ್ಬರ ಮೇಲೂ ಡಿಕ್ರಿ ಕೊಟ್ಟಿತು. ಆದರೆ ಒಂದು ಷರತ್ತು ಹಾಕಿತು: ಮೊದಲು ಸಾಲಗಾರನ ಹತ್ತಿರ ವಸೂಲಿ ಪ್ರಯತ್ನ ಪೂರ್ತಿ ಮುಗಿಸಿ, ಆಮೇಲೆ ಜಾಮೀನುದಾರನ ಹತ್ತಿರ ಹೋಗಿ. ಸುಪ್ರೀಂ ಕೋರ್ಟ್ ಆ ಷರತ್ತನ್ನು ಕಿತ್ತುಹಾಕಿತು. ಬ್ಯಾಂಕು ಜಾಮೀನು ಕೇಳುವುದೇ ಬೇಗ ಹಣ ಸಿಗಲಿ ಅಂತ, ಅದನ್ನೇ ಕಾಯಿಸಿದರೆ ಜಾಮೀನು ಯಾಕೆ ಬೇಕು ಎಂಬುದು ಅದರ ತರ್ಕ. 1992ರಲ್ಲಿ ಸ್ಟೇಟ್ ಬ್ಯಾಂಕಿನ ಇನ್ನೊಂದು ಪ್ರಕರಣ ಬಂತು. ಅಡಮಾನದ ಆಸ್ತಿ ಕೈಯಲ್ಲೇ ಇದ್ದರೂ ಜಾಮೀನುದಾರನ ಮೇಲೆ ಮೊದಲು ಡಿಕ್ರಿ ಜಾರಿ ಮಾಡಬಹುದು ಅಂತ ಅಲ್ಲೂ ತೀರ್ಮಾನವಾಯಿತು.

ಹಾಗಾಗಿ ನೋಟಿಸಿಗೆ ಉತ್ತರ ಬರೆಯುವಾಗ ‘ಮೊದಲು ಗಿರಣಿ ಮಾರಿ’ ಅಂತ ಮೂರು ಪುಟ ತುಂಬಿಸಬೇಡಿ. ಬ್ಯಾಂಕಿನ ವಕೀಲರು ಅದನ್ನು ಓದಿ ನಗುತ್ತಾರೆ, ಅಷ್ಟೇ. ‘ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ’ ಅನ್ನುವ ನಾಲ್ಕು ಪದ ಇದೆಯಲ್ಲ, ನಿಮ್ಮ ಕೆಲಸ ಇರುವುದು ಅಲ್ಲಿ.

ನಾವೇನು ಲಾಭ ತೆಗೆದುಕೊಂಡೆವು, ಒಂದು ರೂಪಾಯಿ ಕಮಿಷನ್ ಕೂಡ ಇಲ್ಲ ಅಂತಲೂ ನೀವು ಹೇಳಬಹುದು. ಆ ವಾದವೂ ನಿಲ್ಲುವುದಿಲ್ಲ. ಸಾಲಗಾರನಿಗೆ ಅನುಕೂಲವಾದರೆ ಸಾಕು, ಅದೇ ಜಾಮೀನಿಗೆ ಪ್ರತಿಫಲ ಅನ್ನುತ್ತದೆ 127ನೇ ಸೆಕ್ಷನ್. ಪ್ರೀಮಿಯಂ ಪಡೆದು ಜಾಮೀನು ಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಗಳು ಬೇರೆ. ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಶ್ಯೂರಿಟಿ ಬಾಂಡ್ ಕೊಡಬಹುದು. ಅದು ರಸ್ತೆ, ಸೇತುವೆಯಂಥ ಗುತ್ತಿಗೆ ಕೆಲಸಕ್ಕೆ. ಬ್ಯಾಂಕ್ ಸಾಲಕ್ಕೆ ಅವರು ಅಂಥ ಜಾಮೀನು ಕೊಡುವ ಹಾಗಿಲ್ಲ. ವಿಮಾ ಕಂಪನಿಗೇ ಬೇಡ ಅಂದ ಅಪಾಯವನ್ನು ನಮ್ಮ ಮನೆತನದ ಕಂಪನಿಗಳು ಕಾಫಿ ಕುಡಿಯುತ್ತಾ ಹೊತ್ತುಕೊಳ್ಳುತ್ತವೆ!

ಈಗ ಆ ಗ್ಯಾರಂಟಿ ಪತ್ರಕ್ಕೆ ಬರೋಣ. ನಿಮ್ಮ ಹತ್ತಿರ ಪ್ರತಿ ಇಲ್ಲ ಅಂತ ನನ್ನ ಊಹೆ. ಯಾರ ಹತ್ತಿರವೂ ಇರುವುದಿಲ್ಲ. ಬ್ಯಾಂಕಿನವರು ಏಳೆಂಟು ಹಾಳೆಯ ಮುದ್ರಿತ ಕಟ್ಟು ಮುಂದಿಡುತ್ತಾರೆ. ಸಹಿ ಎಲ್ಲೆಲ್ಲಿ ಅಂತ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿರುತ್ತಾರೆ. ಕಂಪನಿಯ ಸೀಲು ಒತ್ತಿ, ಗುರುತು ಹುಡುಕುತ್ತಾ ಸಹಿ ಹಾಕುತ್ತಾ ಹೋಗುತ್ತೇವೆ. ಮೊತ್ತದ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ, ಆಮೇಲೆ ತುಂಬಿಸುತ್ತಾರೆ. ಆ ಕಟ್ಟಿನ ಪ್ರತಿ ಇವತ್ತೇ ಲಿಖಿತವಾಗಿ ಕೇಳಿ. ಜೊತೆಗೆ 2018ರಿಂದ ಇಲ್ಲಿಯವರೆಗಿನ ಖಾತೆಯ ಸ್ಟೇಟ್‌ಮೆಂಟು, ಮೊದಲ ಮಂಜೂರಾತಿ ಪತ್ರ, ಪ್ರತಿ ವರ್ಷದ ನವೀಕರಣ ಪತ್ರಗಳು, ಕೊರೊನಾ ಸಾಲದ ಕಾಗದಗಳೂ ಬೇಕು.

ಸಿಕ್ಕ ಮೇಲೆ ಮೊದಲು ನೋಡಬೇಕಾದ್ದು ಮೊತ್ತದ ಸಾಲು. ಎರಡು ಥರ ಬರೆದಿರುತ್ತಾರೆ. ಒಂದು, ಎಲ್ಲ ಸೇರಿ ಒಟ್ಟು ಹೊಣೆ 1.5 ಕೋಟಿ ಮೀರಬಾರದು ಅಂತ. ಇನ್ನೊಂದು, 1.5 ಕೋಟಿ ಅಸಲು, ಅದರ ಮೇಲೆ ಬಡ್ಡಿ, ಖರ್ಚು, ಶುಲ್ಕ ಎಲ್ಲ ಅಂತ. ನೋಡಲು ಒಂದೇ ಥರ ಕಾಣುತ್ತವೆ. ನಿಮ್ಮ ಲೆಕ್ಕದಲ್ಲಿ ಹಳೆ ಖಾತೆಯೊಂದರಲ್ಲೇ ಇವೆರಡರ ನಡುವಿನ ವ್ಯತ್ಯಾಸ 24 ಲಕ್ಷ. ಮೊದಲ ಥರ ಬರೆದಿದ್ದರೆ 1.74 ಕೋಟಿ ಕೇಳುವ ಹಕ್ಕು ಬ್ಯಾಂಕಿಗಿಲ್ಲ. ಆದರೆ ಆ ಥರದ ಪತ್ರದಲ್ಲೂ ‘ಬೇಡಿಕೆಯ ದಿನದಿಂದ ಬಡ್ಡಿ’ ಅಂತ ಒಂದು ತುಂಡು ಕೆಳಗೆಲ್ಲೋ ಇರುತ್ತದೆ. ಇದ್ದರೆ ನೋಟಿಸು ಬಂದ ದಿನದಿಂದ ನಿಮ್ಮ ಮೀಟರು ಓಡಲು ಶುರು. ಶೇ. 12ರ ಲೆಕ್ಕದಲ್ಲಿ 1.5 ಕೋಟಿಗೆ ತಿಂಗಳಿಗೆ ಒಂದೂವರೆ ಲಕ್ಷ. ನೋಡೋಣ, ಕೋರ್ಟಿನಲ್ಲಿ ಎಳೆಯೋಣ ಅನ್ನುವವರು ಈ ಒಂದೂವರೆ ಲಕ್ಷವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ಕೊರೊನಾ ಸಾಲ. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು ಇಲ್ಲೇ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತುರ್ತು ಸಾಲ ಖಾತರಿ ಯೋಜನೆ ತಂದಿತು. ಬ್ಯಾಂಕಿನವರು ಅದನ್ನು ಜಿಇಸಿಎಲ್ ಅನ್ನುತ್ತಾರೆ. 2020ರ ಫೆಬ್ರವರಿ 29ಕ್ಕೆ ಎಷ್ಟು ಬಾಕಿ ಇತ್ತೋ ಅದರ ಶೇ. 20ರಷ್ಟು ಹೆಚ್ಚುವರಿ ಸಾಲ. 1.5 ಕೋಟಿಗೆ 30 ಲಕ್ಷ, ಲೆಕ್ಕ ಸರಿಯಾಗಿ ಕೂರುತ್ತದೆ. ಇದಕ್ಕೆ ಹೊಸದಾಗಿ ಅಡಮಾನ ಕೇಳುವಂತಿರಲಿಲ್ಲ. ಬ್ಯಾಂಕಿಗೆ ಖಾತರಿ ಕೊಟ್ಟದ್ದು ಸರ್ಕಾರದ ಎನ್‌ಸಿಜಿಟಿಸಿ ಎಂಬ ಟ್ರಸ್ಟಿ ಕಂಪನಿ. ಇದು ಹಳೆ ಕ್ಯಾಶ್ ಕ್ರೆಡಿಟ್ ಅಲ್ಲ. ಬೇರೆ ಖಾತೆ, ಬೇರೆ ಮಂಜೂರಾತಿ, ಬೇರೆ ಕಂತು. ನಿಮ್ಮ ಗ್ಯಾರಂಟಿ 2018ರ ಆ ಒಂದು ಸಾಲಕ್ಕೆ ಮಾತ್ರ ಅಂತಿದ್ದರೆ ಈ 18 ಲಕ್ಷಕ್ಕೂ ನಿಮಗೂ ಸಂಬಂಧವಿಲ್ಲ. ಪತ್ರದಲ್ಲಿ ‘ಈಗ ಕೊಟ್ಟ ಮತ್ತು ಮುಂದೆ ಕೊಡುವ ಎಲ್ಲ ಸಾಲಗಳಿಗೆ’ ಅಂತಿದ್ದರೆ ಬ್ಯಾಂಕು ಅದನ್ನೇ ಹಿಡಿದುಕೊಳ್ಳುತ್ತದೆ. ಆಗಲೂ ಒಟ್ಟು ಮಿತಿಯ ಪ್ರಶ್ನೆ ನಿಮ್ಮ ಕೈಯಲ್ಲಿರುತ್ತದೆ.

ಸರ್ಕಾರವೇ ಖಾತರಿ ಕೊಟ್ಟಿದೆಯಲ್ಲ, ಅಲ್ಲಿಂದ ತೆಗೆದುಕೊಳ್ಳಲಿ ಅಂತ ಸುಮಾರು ಜನ ಕೇಳುತ್ತಾರೆ. ಆ ಖಾತರಿ ಇರುವುದು ಬ್ಯಾಂಕಿಗೆ, ಸಾಲಗಾರನಿಗಲ್ಲ. ಟ್ರಸ್ಟಿ ಕಂಪನಿಯಿಂದ ಹಣ ಬಂದರೂ ವಸೂಲಿ ನಿಲ್ಲಿಸುವ ಹಾಗಿಲ್ಲ.

ಹಳೆ ಖಾತೆಯ ಸ್ಟೇಟ್‌ಮೆಂಟನ್ನೂ ಸಾಲು ಸಾಲಾಗಿ ನೋಡಿಸಿ. 1.5 ಕೋಟಿಯ ಮಿತಿ ದಾಟಿದ್ದು ಹೇಗೆ? ಬಡ್ಡಿ ಹಾಕುತ್ತಾ ಹೋಗಿ ದಾಟಿತೇ, ಅಥವಾ ಮಿತಿ ಮೀರಿ ಹಣ ತೆಗೆಯಲು ಮ್ಯಾನೇಜರು ಬಿಟ್ಟರೇ? ಎರಡೂ ಬೇರೆ. ಇತ್ತೀಚೆಗೆ ಸುಪ್ರೀಂ ಕೋರ್ಟ್ ಗುಜರಾತಿನ ಒಂದು ಸಹಕಾರಿ ಬ್ಯಾಂಕಿನ ಪ್ರಕರಣ ತೀರ್ಮಾನಿಸಿತು. ಮಂಜೂರಾದ ಮಿತಿ 4 ಲಕ್ಷ. ಬ್ಯಾಂಕು ಜಾಮೀನುದಾರರಿಗೆ ಹೇಳದೆ ಅದಕ್ಕಿಂತ ಜಾಸ್ತಿ ತೆಗೆಯಲು ಬಿಟ್ಟಿತ್ತು. ಜಾಮೀನುದಾರರ ಹೊಣೆ ಮಂಜೂರಾದ ಮೊತ್ತದ ಮಟ್ಟಿಗೆ ಉಳಿಯುತ್ತದೆ, ಹೆಚ್ಚುವರಿಗೆ ಇಲ್ಲ ಅಂತ ತೀರ್ಪು. ಅದರ ಬುನಾದಿ 133ನೇ ಸೆಕ್ಷನ್. ಜಾಮೀನುದಾರನ ಒಪ್ಪಿಗೆ ಇಲ್ಲದೆ ಕರಾರಿನ ಷರತ್ತು ಬದಲಿಸಿದರೆ, ಆ ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ. ನಂತರದ ಅನ್ನುವ ಪದ ಗಮನಿಸಿ. ಪೂರ್ತಿ ಬಿಡುಗಡೆ ಸಿಗುತ್ತದೆ ಅಂತ ಕನಸು ಕಾಣಬೇಡಿ.

ಒಂದು ತೊಡಕಿದೆ. ಬ್ಯಾಂಕುಗಳ ಮುದ್ರಿತ ಪತ್ರದಲ್ಲಿ ಸಾಮಾನ್ಯವಾಗಿ ಒಂದು ಉದ್ದದ ಕಲಮು ಇರುತ್ತದೆ: 133, 134, 135, 139, 141ನೇ ಸೆಕ್ಷನ್‌ಗಳಲ್ಲಿ ನನಗಿರುವ ಹಕ್ಕುಗಳನ್ನು ನಾನು ಬಿಟ್ಟುಕೊಟ್ಟಿದ್ದೇನೆ ಅಂತ. ಜಾಮೀನುದಾರನನ್ನು ಕಾಪಾಡಲು ಕಾಯ್ದೆ ಕೊಟ್ಟ ಮುಖ್ಯ ಕೊಡೆಗಳು ಈ ಐದರಲ್ಲೇ ಇವೆ. ಹೀಗೆ ಹಕ್ಕು ಬಿಟ್ಟುಕೊಡುವುದು ಕಾನೂನುಬದ್ಧವೇ ಅಂತ ನಮ್ಮ ಕರ್ನಾಟಕ ಹೈಕೋರ್ಟೇ ಬ್ಯಾಂಕ್ ಆಫ್ ಬರೋಡಾದ ಒಂದು ಪ್ರಕರಣದಲ್ಲಿ ನೋಡಿತ್ತು. 1992ರ ಕಾನೂನು ವರದಿಗಳಲ್ಲಿ ಅದು ಸಿಗುತ್ತದೆ. ಬಿಟ್ಟುಕೊಡಬಹುದು ಅಂತ ಕೋರ್ಟು ಹೇಳಿತು. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಓದದೆ ಸಹಿ ಹಾಕಿದವನು ಏನನ್ನು ಬಿಟ್ಟುಕೊಟ್ಟ ಅಂತ ಅವನಿಗೇ ಗೊತ್ತಿರುವುದಿಲ್ಲ ಅಲ್ವಾ. ಆದರೆ ಕಾನೂನು ಸದ್ಯ ಹಾಗಿದೆ. ಒಂದು ಸಮಾಧಾನ: ಈ ಕಲಮು ಹಳೆ ಸಾಲದ ಷರತ್ತು ಬದಲಾದದ್ದನ್ನು ಮುಚ್ಚಬಹುದು, ನೀವು ಜಾಮೀನೇ ನಿಲ್ಲದ ಹೊಸ ಸಾಲವನ್ನು ನಿಮ್ಮ ತಲೆಗೆ ಕಟ್ಟಲಾರದು. ಮೊತ್ತದ ಮಿತಿಯನ್ನೂ ಎತ್ತರಿಸಲಾರದು. ಅದಕ್ಕೇ ನಾನು ಸೆಕ್ಷನ್‌ಗಳಿಗಿಂತ ಮೊದಲು ಮಿತಿಯ ಸಾಲು ನೋಡಿ ಅಂದದ್ದು.

ಗಿರಣಿಯ ದಾಸ್ತಾನಿನ ಬಗ್ಗೆಯೂ ಒಂದು ಮಾತು. ಅಕ್ಕಿ ಗಿರಣಿಯ ಕ್ಯಾಶ್ ಕ್ರೆಡಿಟ್ ಅಂದರೆ ಭತ್ತ, ಅಕ್ಕಿಯ ದಾಸ್ತಾನಿನ ಮೇಲೆ ಕೊಟ್ಟ ಸಾಲ. ಆ ದಾಸ್ತಾನು ಎಲ್ಲಿ ಹೋಯಿತು, ಬ್ಯಾಂಕು ಯಾಕೆ ನೋಡಿಕೊಳ್ಳಲಿಲ್ಲ ಅಂತ ಕೇಳುವುದು ಸಹಜ. ಇದಕ್ಕೊಂದು ಒಳ್ಳೆಯ ತೀರ್ಪೂ ಇದೆ. 1968ರ ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರು ಪ್ರಕರಣದಲ್ಲಿ ಬ್ಯಾಂಕಿನ ವಶದಲ್ಲಿದ್ದ ಮಾಲಿನಲ್ಲಿ 35,690 ರೂಪಾಯಿಯಷ್ಟು ಕಡಿಮೆ ಬಂತು. ಸುಪ್ರೀಂ ಕೋರ್ಟ್ ಆ ಮೊತ್ತವನ್ನು ಜಾಮೀನುದಾರನ ಹೊಣೆಯಿಂದ ಕಳೆಯಿತು. ಅಡವಿಟ್ಟ ಮಾಲನ್ನು ಕಳೆದುಕೊಂಡರೆ ಆ ನಷ್ಟ ಬ್ಯಾಂಕಿನದು ಅನ್ನುವ 141ನೇ ಸೆಕ್ಷನ್ ಪ್ರಕಾರ.

ಆದರೆ ಅಲ್ಲಿ ಮಾಲು ಇದ್ದದ್ದು ಬ್ಯಾಂಕಿನ ಕೈಯಲ್ಲಿ. ಗೋದಾಮಿನ ಬೀಗದ ಕೈ ಬ್ಯಾಂಕಿನವರದು. ಈಗಿನ ಗಿರಣಿ ಸಾಲಗಳಲ್ಲಿ ಮಾಲು ಗಿರಣಿಯವರ ಹತ್ತಿರವೇ ಇರುತ್ತದೆ, ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಾರೆ, ಅಷ್ಟೇ. ಬ್ಯಾಂಕಿನ ಭಾಷೆಯಲ್ಲಿ ಹೈಪಾಥಿಕೇಶನ್. ಒಮ್ಮೆ ಒಂದು ಗಿರಣಿಗೆ ಕಕ್ಷಿದಾರರ ಜೊತೆ ಹೋಗಿದ್ದೆ. ಕಾಗದದಲ್ಲಿ ಗೋದಾಮು ಭರ್ತಿ. ಮುಂದಿನ ಎರಡು ಸಾಲು ನಿಜವಾಗಿಯೂ ಭತ್ತದ ಚೀಲ. ಮೂರನೇ ಸಾಲಿನ ಚೀಲಕ್ಕೆ ಬೆರಳು ಚುಚ್ಚಿದರೆ ಹೊಟ್ಟು. ಅದರ ಹಿಂದೆಯೂ ಹೊಟ್ಟು. ಬ್ಯಾಂಕಿನ ತಪಾಸಣೆಯ ವರದಿಯಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು. ಇಂಥ ಕಡೆ ಮಾಲು ಕಳೆದದ್ದು ಬ್ಯಾಂಕಲ್ಲ, ಸಾಲಗಾರ. ಬ್ಯಾಂಕು ಅಸಡ್ಡೆ ಮಾಡಿತು ಅನ್ನುವ ವಾದ 139ರ ಕೆಳಗೆ ಹಾಕಬಹುದು, ಹಾಕುತ್ತಾರೆ ಕೂಡ. ಸುಮ್ನೆ ಕೂತದ್ದಕ್ಕೇ ಕೋರ್ಟುಗಳು ಜಾಮೀನುದಾರನನ್ನು ಬಿಟ್ಟುಬಿಡುವುದಿಲ್ಲ. ಮೇಲಾಗಿ ಆ ಕಲಮಿನಲ್ಲಿ 139, 141 ಎರಡನ್ನೂ ಬಿಟ್ಟುಕೊಟ್ಟಿರುತ್ತೀರಿ. ಇದನ್ನು ಉತ್ತರದಲ್ಲಿ ಸೇರಿಸಿ, ಇದನ್ನೇ ನಂಬಿ ಕೂರಬೇಡಿ.

ಕಾಲಮಿತಿಯ ವಿಷಯ. ಗ್ಯಾರಂಟಿ ಕೊಟ್ಟದ್ದು 2018ರಲ್ಲಿ, ಮೂರು ವರ್ಷ ದಾಟಿತಲ್ಲ ಅಂತ ಯಾರಾದರೂ ನಿಮ್ಮ ಕಿವಿಯಲ್ಲಿ ಊದಿದರೆ ನಂಬಬೇಡಿ. ಸಿಂಡಿಕೇಟ್ ಬ್ಯಾಂಕಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ‘ಕೇಳಿದಾಗ ಕೊಡುತ್ತೇನೆ’ ಅಂತ ಪತ್ರದಲ್ಲಿದ್ದರೆ, ಬ್ಯಾಂಕು ಕೇಳಿ ನೀವು ಕೊಡದೆ ಹೋದಾಗ ಗಡಿಯಾರ ಶುರು. ಹಾಗಂತ ಸತ್ತ ಸಾಲಕ್ಕೆ ಜೀವ ತುಂಬುವಂತಿಲ್ಲ. ಕೇಳುವ ದಿನ ಆ ಬಾಕಿ ಸಾಲಗಾರನ ವಿರುದ್ಧ ಕಾಲಮಿತಿಯೊಳಗೆ ಇರಬೇಕು. ಕಳೆದ ವರ್ಷ ಎನ್‌ಪಿಎ ಆದ ಖಾತೆಯಲ್ಲಿ ಈ ದಾರಿ ನಿಮಗಿಲ್ಲ.

ಇನ್ನು ಬ್ಯಾಂಕು ಏನೇನು ಮಾಡಬಹುದು? ನಿಮಗೆ ಬಂದದ್ದು 15 ದಿನದ ನೋಟಿಸು. ಇದು ಗ್ಯಾರಂಟಿಯನ್ನು ಇನ್ವೋಕ್ ಮಾಡುವ ಪತ್ರ, ಅಂದರೆ ನಿಮ್ಮ ಮಾತು ನಡೆಸಿಕೊಡಿ ಅನ್ನುವ ಬೇಡಿಕೆ. ಸರ್ಫೇಸಿ ಕಾಯ್ದೆಯ ನೋಟಿಸಾದರೆ 13(2)ರ ಕೆಳಗೆ 60 ದಿನ ಕೊಡುತ್ತಾರೆ. ಅಡ ಇಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶ ಮಾಡಿಕೊಳ್ಳುವ ದಾರಿ ಅದು. ಗಿರಣಿಯ ಮೇಲೆ ಅದು ನಡೆಯುತ್ತದೆ. ನಿಮ್ಮ ಕಂಪನಿ ಯಾವ ಆಸ್ತಿಯನ್ನೂ ಅಡ ಇಟ್ಟಿಲ್ಲ. ಹಾಗಾಗಿ ಸರ್ಫೇಸಿ ಹೆಸರಲ್ಲಿ ನಿಮ್ಮ ವರ್ಕ್‌ಶಾಪಿಗೆ ಬಂದು ಬೀಗ ಹಾಕಲಾಗುವುದಿಲ್ಲ. ರಾತ್ರಿ ನಿದ್ದೆ ಬರಲು ಇಷ್ಟು ತಿಳಿದಿದ್ದರೆ ಸಾಕು.

ನಿಮ್ಮ ಆಸ್ತಿ ಮುಟ್ಟಬೇಕಾದರೆ ಬ್ಯಾಂಕು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬೇಕು. 20 ಲಕ್ಷ ಮತ್ತು ಅದಕ್ಕಿಂತ ಜಾಸ್ತಿಯ ಬಾಕಿಗೆ ಅದೇ ಜಾಗ. ಅಲ್ಲಿಂದ ಸಮನ್ಸು ಬಂದರೆ ಉತ್ತರಕ್ಕೆ 30 ದಿನ. ಆ ತಾರೀಕು ತಪ್ಪಿಸಿಕೊಳ್ಳಬೇಡಿ. ವಸೂಲಾತಿ ಪ್ರಮಾಣಪತ್ರ ಹೊರಬಿದ್ದ ಮೇಲೆ ಯಂತ್ರ, ಖಾತೆ, ಬರಬೇಕಾದ ಬಿಲ್ಲು ಎಲ್ಲ ಜಪ್ತಿ ಮಾಡಬಹುದು.

ಇದಕ್ಕಿಂತ ಬೇಗ ಆಗುವ ಒಂದು ಕೆಲಸ ಇದೆ, ಯಾರೂ ಅದನ್ನು ಯೋಚಿಸಿರುವುದಿಲ್ಲ. ನಿಮ್ಮ ಕಂಪನಿಯ ಕರೆಂಟ್ ಖಾತೆಯೋ ಎಫ್‌ಡಿಯೋ ಅದೇ ಬ್ಯಾಂಕಿನಲ್ಲಿದೆಯಾ? ಇದ್ದರೆ ಪತ್ರದಲ್ಲಿ ‘ಹೊಂದಾಣಿಕೆ’ ಕಲಮು ಇದೆಯೇ ನೋಡಿ. ಆ ಹಣವನ್ನು ಬಾಕಿಗೆ ಜಮಾ ಮಾಡಿಕೊಳ್ಳುವ ಹಕ್ಕನ್ನು ನೀವೇ ಕೊಟ್ಟಿರಬಹುದು. ತಿಂಗಳ ಕೊನೆಯಲ್ಲಿ ಸಂಬಳ ಹಾಕಲು ಹೋದಾಗ ಖಾತೆ ಖಾಲಿ ಕಾಣುವುದು ಇಂಥ ಪ್ರಕರಣಗಳಲ್ಲೇ.

ಬ್ಯಾಂಕು ಎನ್‌ಸಿಎಲ್‌ಟಿ, ಅಂದರೆ ಕಂಪನಿಗಳ ದಿವಾಳಿ ಅರ್ಜಿ ಕೇಳುವ ನ್ಯಾಯಮಂಡಳಿಯ ಹೆಸರು ಎತ್ತಿದರೆ ಅದನ್ನು ಬರಿ ಬೆದರಿಕೆ ಅಂತ ತಳ್ಳಿಹಾಕಬೇಡಿ. ದಿವಾಳಿ ಸಂಹಿತೆಯ ಪ್ರಕಾರ ಗ್ಯಾರಂಟಿಯ ಹೊಣೆಯೂ ಹಣಕಾಸಿನ ಸಾಲವೇ. ಮಿತಿ 2020ರ ಮಾರ್ಚ್ 24ರಿಂದ 1 ಕೋಟಿ. ನಿಮ್ಮದು ಅದನ್ನು ದಾಟಿದೆ. ಸಾಲಗಾರ ಪಾಲುದಾರಿಕೆ ಸಂಸ್ಥೆ, ಅದನ್ನು ಎನ್‌ಸಿಎಲ್‌ಟಿಗೆ ಎಳೆಯಲಾಗದು, ಹಾಗಾದರೆ ನಮ್ಮನ್ನೂ ಎಳೆಯಲಾಗದು ಅನ್ನುವ ವಾದ ಒಂದು ಕಾಲದಲ್ಲಿ ಓಡುತ್ತಿತ್ತು. 2021ರ ಮಾರ್ಚ್‌ನಲ್ಲಿ ಯೂನಿಯನ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮುಗಿಸಿತು. ಅಲ್ಲಿ ಸಾಲ ಪಡೆದದ್ದು ಒಬ್ಬ ವ್ಯಕ್ತಿಯ ಪ್ರೊಪ್ರೈಟರಿ ಸಂಸ್ಥೆ, ಜಾಮೀನು ನಿಂತದ್ದು ಕಂಪನಿ. ಕಂಪನಿಯ ಮೇಲೆ ದಿವಾಳಿ ಅರ್ಜಿ ನಡೆಯುತ್ತದೆ ಅಂತ ತೀರ್ಪಾಯಿತು. ಅರ್ಜಿ ಸ್ವೀಕಾರವಾದ ದಿನವೇ ನಿಮ್ಮ ಬೋರ್ಡಿನ ಅಧಿಕಾರ ಅಮಾನತು. ಹೊರಗಿನ ಒಬ್ಬರು ಬಂದು ಚೆಕ್ಕಿಗೆ ಸಹಿ ಹಾಕಲು ಶುರು ಮಾಡುತ್ತಾರೆ. ನಿಮ್ಮ ಸ್ವಂತ ವ್ಯವಹಾರ ಚೆನ್ನಾಗಿ ನಡೆಯುತ್ತಿದ್ದರೂ ಸರಿ. ಡಿಆರ್‌ಟಿ ನಿಧಾನ ವಿಷ, ಇದು ಹಾಗಲ್ಲ. ಮಾತುಕತೆಗೆ ಕೂರಬೇಕಾದ್ದು ಈ ಅರ್ಜಿ ಬೀಳುವ ಮೊದಲು.

ಸರ್ಕಾರಿ ಟೆಂಡರು, ಬೇರೆ ಬ್ಯಾಂಕಿನ ಸಾಲ ನಂಬಿದ ಕಂಪನಿಯಾದರೆ ಇನ್ನೊಂದು ಏಟೂ ಇದೆ. ಕಟ್ಟುವ ಶಕ್ತಿ ಇದ್ದೂ ಜಾಮೀನುದಾರ ಕಟ್ಟದಿದ್ದರೆ ಅವನನ್ನೂ ಉದ್ದೇಶಪೂರ್ವಕ ಸುಸ್ತಿದಾರ ಅಂತ ಘೋಷಿಸಲು ಆರ್‌ಬಿಐ ನಿರ್ದೇಶನ ಅವಕಾಶ ಕೊಡುತ್ತದೆ. 25 ಲಕ್ಷ ಮತ್ತು ಅದಕ್ಕಿಂತ ಜಾಸ್ತಿಯ ಬಾಕಿಗೆ ಇದು ಅನ್ವಯ. ನೋಟಿಸು ಕೊಟ್ಟು, ನಿಮ್ಮ ಮಾತು ಕೇಳಿ ಆಮೇಲೆ ಮಾಡಬೇಕು, ಏಕಾಏಕಿ ಆಗುವುದಿಲ್ಲ.

ಮನೆಯ ಪ್ರಶ್ನೆಗೆ ಸಮಾಧಾನದ ಉತ್ತರ ಇದೆ, ಒಂದು ಷರತ್ತಿನೊಂದಿಗೆ. ಜಾಮೀನು ನಿಂತದ್ದು ಕಂಪನಿ. ಕಂಪನಿ ಬೇರೆ, ನೀವು ಬೇರೆ. ಡೈರೆಕ್ಟರ್ ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಮನೆ, ನಿಮ್ಮ ಹೆಂಡತಿಯ ಚಿನ್ನ ಯಾವುದನ್ನೂ ಮುಟ್ಟುವಂತಿಲ್ಲ. ಷರತ್ತು ಏನೆಂದರೆ, ಆ ದಿನ ಹಾಕಿದ ಇಪ್ಪತ್ತು ಮೂವತ್ತು ಸಹಿಗಳಲ್ಲಿ ಒಂದು ನಿಮ್ಮ ವೈಯಕ್ತಿಕ ಗ್ಯಾರಂಟಿಗೆ ಹಾಕಿದ್ದಾಗಿರಬಾರದು. ಬ್ಯಾಂಕುಗಳು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದು ರೂಢಿ. ಕಂಪನಿಯ ಸೀಲಿಲ್ಲದೆ, ‘ಪರವಾಗಿ’ ಅನ್ನುವ ಪದವಿಲ್ಲದೆ, ನಿಮ್ಮ ಪ್ಯಾನ್ ನಂಬರ್ ಮಾತ್ರ ಬರೆದು ಸಹಿ ಮಾಡಿದ ಹಾಳೆ ಇದೆಯೇ ಹುಡುಕಿ. ಇದ್ದರೆ ನನ್ನ ಸಮಾಧಾನವನ್ನು ವಾಪಸು ತೆಗೆದುಕೊಳ್ಳಬೇಕಾಗುತ್ತದೆ. ಈಗ ಗಾಬರಿಯಲ್ಲಿ ಆಸ್ತಿಯನ್ನು ಮಗಳ ಹೆಸರಿಗೆ, ಭಾವನ ಹೆಸರಿಗೆ ಮಾಡಿಸಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಬೇಡಿ. ಸಾಲ ಕೊಟ್ಟವರನ್ನು ತಪ್ಪಿಸಲು ಮಾಡಿದ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ನಿಮ್ಮ ಪ್ರಾಮಾಣಿಕತೆಯ ಮೇಲೂ ಕಪ್ಪು ಮಸಿ.

ಬೋರ್ಡ್ ಮೀಟಿಂಗ್ ಮಾಡಿರಲಿಲ್ಲ ಅನ್ನುವುದನ್ನು ದಯವಿಟ್ಟು ನೋಟಿಸಿನ ಉತ್ತರದಲ್ಲಿ ಬರೆದುಬಿಡಬೇಡಿ. ಕಂಪನಿ ಕಾಯ್ದೆಯ 186ನೇ ಸೆಕ್ಷನ್ ಪ್ರಕಾರ ಗ್ಯಾರಂಟಿ ಕೊಡಲು ಮೀಟಿಂಗಿನಲ್ಲಿ ಹಾಜರಿದ್ದ ಎಲ್ಲ ಡೈರೆಕ್ಟರುಗಳ ಒಪ್ಪಿಗೆ ಬೇಕು. ಪಾವತಿಯಾದ ಷೇರು ಬಂಡವಾಳ, ಮುಕ್ತ ನಿಧಿ, ಷೇರು ಪ್ರೀಮಿಯಂ ಕೂಡಿಸಿ ಅದರ ಶೇ. 60, ಅಥವಾ ಮುಕ್ತ ನಿಧಿ ಮತ್ತು ಪ್ರೀಮಿಯಂನ ಶೇ. 100, ಯಾವುದು ಹೆಚ್ಚೋ ಅದನ್ನು ಮೀರಿದರೆ ಷೇರುದಾರರ ವಿಶೇಷ ನಿರ್ಣಯವೂ ಬೇಕು. ನೀವು ಇದನ್ನು ಮಾಡಿಲ್ಲದಿದ್ದರೆ ತಪ್ಪು ಕಂಪನಿಯದು, ಅಂದರೆ ನಿಮ್ಮದು. ನಿಮ್ಮ ತಪ್ಪನ್ನೇ ತೋರಿಸಿ ಹೊಣೆ ತಪ್ಪಿಸಿಕೊಳ್ಳಲು ಕೋರ್ಟು ಸುಲಭವಾಗಿ ಬಿಡುವುದಿಲ್ಲ. ಮೇಲಾಗಿ ಆ ಸೆಕ್ಷನ್ ಮುರಿದದ್ದಕ್ಕೆ ಕಂಪನಿಗೆ 5 ಲಕ್ಷದವರೆಗೆ ದಂಡ, ಅಧಿಕಾರಿಗಳಿಗೆ 2 ವರ್ಷದವರೆಗೆ ಜೈಲೂ ಇದೆ. ಸಾಲ ತಪ್ಪಿಸಲು ಹೋಗಿ ಅಪರಾಧ ಒಪ್ಪಿಕೊಂಡಂತಾಗುತ್ತದೆ. ಇನ್ನೊಂದು ವಿಚಾರ, ಬ್ಯಾಂಕಿನ ಫೈಲಿನಲ್ಲಿ ನಿಮ್ಮ ಲೆಟರ್‌ಹೆಡ್ಡಿನ ಮೇಲೆ ಬೋರ್ಡ್ ನಿರ್ಣಯದ ಪ್ರತಿ ಇದ್ದೇ ಇರುತ್ತದೆ. ಅದಿಲ್ಲದೆ ಅವರು ಸಾಲ ಬಿಡುಗಡೆ ಮಾಡುವುದಿಲ್ಲ. ಯಾರು ಸಹಿ ಮಾಡಿದರು ಅಂತ ನೆನಪು ಮಾಡಿಕೊಳ್ಳಿ.

ಇಲ್ಲಿ ಒಂದು ತಮಾಷೆ ಇದೆ. ಡೈರೆಕ್ಟರಿನ ಸಂಬಂಧಿಕರು ಪಾಲುದಾರರಾಗಿರುವ ಸಂಸ್ಥೆಯ ಸಾಲಕ್ಕೆ ಕಂಪನಿ ಜಾಮೀನು ನಿಲ್ಲುವುದನ್ನು 185ನೇ ಸೆಕ್ಷನ್ ತಡೆಯುತ್ತದೆ. ಅದನ್ನು ಹಿಡಿಯೋಣ ಅಂದರೆ, ಕಂಪನಿ ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಸೊಸೆ ಅಳಿಯ, ಅಣ್ಣತಮ್ಮ ಅಕ್ಕತಂಗಿ, ಅವಿಭಕ್ತ ಕುಟುಂಬದವರು ಇದ್ದಾರೆ. ಚಿಕ್ಕಪ್ಪನ ಮಗ ಇಲ್ಲ. ನಮ್ಮ ಕನ್ನಡದಲ್ಲಿ ಅವನೂ ತಮ್ಮನೇ. ಆ ಸಲುಗೆಗೇ ಅಲ್ವಾ ನೀವು ಸಹಿ ಹಾಕಿದ್ದು. ಕಾಯ್ದೆಗೆ ಅವನು ಹೊರಗಿನವನು.

ಕಟ್ಟಬೇಕಾಗಿ ಬಂದರೆ ಆಮೇಲೆ ಏನು ಸಿಗುತ್ತದೆ? 145ನೇ ಸೆಕ್ಷನ್ ಪ್ರಕಾರ ಸಾಲಗಾರನಿಂದ ನೀವು ಕಟ್ಟಿದ್ದನ್ನು ವಸೂಲು ಮಾಡಬಹುದು. 140ರ ಪ್ರಕಾರ ನಿಮ್ಮ ಹೊಣೆ ಪೂರ್ತಿ ತೀರಿಸಿದರೆ ಬ್ಯಾಂಕಿನ ಜಾಗದಲ್ಲಿ ನೀವು ನಿಲ್ಲುತ್ತೀರಿ. ಗಿರಣಿಯ ಅಡಮಾನದಲ್ಲಿ ನಿಮಗೂ ಹಕ್ಕು ಬರುತ್ತದೆ. ಎಷ್ಟರ ಮಟ್ಟಿಗೆ ಅನ್ನುವುದು 2024ರ ಜುಲೈನ ಬಿಆರ್‌ಎಸ್ ವೆಂಚರ್ಸ್ ತೀರ್ಪಿನಿಂದ ಸ್ಪಷ್ಟ. ಅಲ್ಲಿ ಗುಜರಾತಿನ ಒಂದು ಕಂಪನಿಯ 100 ಕೋಟಿ ಸಾಲಕ್ಕೆ ಅದರ ಮಾತೃ ಸಂಸ್ಥೆಯಾದ ಅಸ್ಸಾಂ ಕಂಪನಿ ಜಾಮೀನು ನಿಂತಿತ್ತು. ಜಾಮೀನು ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋಯಿತು. 241 ಕೋಟಿ ಚಿಲ್ಲರೆ ಒಪ್ಪಿದ ಬಾಕಿಗೆ ಸಾಲ ಕೊಟ್ಟವರಿಗೆ ಸಿಕ್ಕದ್ದು 38.87 ಕೋಟಿ. ಉಳಿದದ್ದನ್ನು ಅವರು ಮೂಲ ಸಾಲಗಾರನ ಹತ್ತಿರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಜಾಮೀನು ಕಂಪನಿಯ ಕಡೆಯವರಿಗೆ ಸಾಲಗಾರನ ಮೇಲೆ ಬರುವ ಹಕ್ಕು ಕಟ್ಟಿದ ಮೊತ್ತದ ಮಟ್ಟಿಗೆ ಮಾತ್ರ.

ಮಾವನವರನ್ನು ಬ್ಯಾಂಕು ಬಿಟ್ಟುಬಿಟ್ಟರೂ ನೀವು ಬಿಡಬೇಕಾಗಿಲ್ಲ. ಇಬ್ಬರೂ ಒಂದೇ ಸಾಲಕ್ಕೆ ಒಂದೇ ಮೊತ್ತಕ್ಕೆ ಜಾಮೀನು ನಿಂತಿದ್ದರೆ ಭಾರ ಸಮಪಾಲು. ನೀವು 1.5 ಕೋಟಿ ಕಟ್ಟಿದರೆ 75 ಲಕ್ಷ ಅವರಿಂದ ಕೇಳಬಹುದು. ಬ್ಯಾಂಕು ಒಬ್ಬ ಜಾಮೀನುದಾರನನ್ನು ಬಿಡುಗಡೆ ಮಾಡಿದರೂ ಈ ಪಾಲಿನ ಹೊಣೆ ತಪ್ಪುವುದಿಲ್ಲ ಅನ್ನುತ್ತದೆ 138.

ನಾನು ನಿಮ್ಮ ಜಾಗದಲ್ಲಿದ್ದರೆ ಹಾಕುವ ಶಕ್ತಿಯನ್ನೆಲ್ಲ ಒಂದೇ ಕಡೆ ಹಾಕುತ್ತಿದ್ದೆ: ಗಿರಣಿಯವರು, ಮಾವ, ನೀವು, ಮೂವರೂ ಕೂತು ಬ್ಯಾಂಕಿಗೆ ಒಂದೇ ಸೆಟ್ಲ್‌ಮೆಂಟ್ ಪ್ರಸ್ತಾಪ. ಗಿರಣಿ ಕೊಳ್ಳುವವರನ್ನು ನೀವೇ ಹುಡುಕಿ ಕರೆದೊಯ್ಯಿರಿ. ಹರಾಜಿಗಿಂತ ಒಳ್ಳೆಯ ಬೆಲೆ ಬಂದರೆ ಬ್ಯಾಂಕಿಗೂ ಬೇಡ ಅನ್ನಲು ಕಾರಣ ಇರುವುದಿಲ್ಲ. ಒಟಿಎಸ್, ಅಂದರೆ ಒಂದೇ ಸಲದ ಸೆಟ್ಲ್‌ಮೆಂಟ್, ಕೊಡಲೇಬೇಕು ಅಂತ ಒತ್ತಾಯಿಸುವ ಹಕ್ಕು ಸಾಲಗಾರನಿಗಿಲ್ಲ ಅಂತ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಜೋರು ಮಾಡಿ ಪ್ರಯೋಜನವಿಲ್ಲ. ಒಪ್ಪಿದರೆ ಒಪ್ಪಂದದ ಪತ್ರದಲ್ಲೇ ನಿಮ್ಮ ಕಂಪನಿಯ ಹೆಸರು ಬರೆಸಿ, ಜಾಮೀನುದಾರರನ್ನೂ ಬಿಡುಗಡೆ ಮಾಡಲಾಗಿದೆ ಅನ್ನುವ ಸಾಲು ಸೇರಿಸಿ. ನನ್ನ ಒಬ್ಬ ಕಕ್ಷಿದಾರರು ಇದನ್ನು ಮರೆತರು. ಸಾಲಗಾರ ಒಟಿಎಸ್ ಮಾಡಿ ಹೊರಬಂದ. ಉಳಿದ ಮೊತ್ತಕ್ಕೆ ಎರಡು ವರ್ಷದ ಮೇಲೆ ಇವರಿಗೆ ಸಮನ್ಸು ಬಂತು. ಸಾಲಗಾರನನ್ನು ಬಿಟ್ಟರೆ ಜಾಮೀನುದಾರನೂ ಬಿಡುಗಡೆ ಅನ್ನುವ 134ನ್ನು ಇವರೂ ಆ ಕಲಮಿನಲ್ಲಿ ಬಿಟ್ಟುಕೊಟ್ಟಿದ್ದರು.

ಈಗ 15 ದಿನದೊಳಗಿನ ಕೆಲಸ. ಚಿಕ್ಕ ಉತ್ತರ ಬರೆಯಿರಿ. ಹೊಣೆ ಒಪ್ಪಿಕೊಳ್ಳುವ ಮಾತು ಬೇಡ. ‘ಬಾಕಿ ಇದೆ, ಸ್ವಲ್ಪ ಸಮಯ ಕೊಡಿ’ ಅಂತ ಬರೆದರೆ ಅದೇ ಒಪ್ಪಿಗೆಯಾಗಿ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ. ಕೊರೊನಾ ಸಾಲದ 18 ಲಕ್ಷಕ್ಕೆ ನಾವು ಜಾಮೀನಲ್ಲ, ಗ್ಯಾರಂಟಿಯ ಮಿತಿ 1.5 ಕೋಟಿ, ದಾಖಲೆಗಳ ಪ್ರತಿ ಕೊಡಿ, ಸಿಕ್ಕ ಮೇಲೆ ಪೂರ್ತಿ ಉತ್ತರ ಕೊಡುತ್ತೇವೆ, ನಮ್ಮ ಎಲ್ಲ ಹಕ್ಕು ಕಾಯ್ದಿರಿಸಿದ್ದೇವೆ. ಇಷ್ಟೇ ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಶಾಖೆಯ ಇಮೇಲಿಗೂ ಹಾಕಿ. ಅದೇ ದಿನ ಚಿಕ್ಕಪ್ಪನ ಮಗನಿಗೂ ಒಂದು ಪತ್ರ ಹೋಗಲಿ: ನಾವು ಎಷ್ಟು ಕಟ್ಟುತ್ತೇವೋ ಅಷ್ಟನ್ನು ನೀವು ನಮಗೆ ಕೊಡಬೇಕು ಅಂತ. ಮನೆಯವರು ಬೇಜಾರು ಮಾಡಿಕೊಳ್ಳಬಹುದು. ಫೋನಿನಲ್ಲಿ ಮೊದಲು ಹೇಳಿ, ಆಮೇಲೆ ಅಂಚೆಗೆ ಹಾಕಿ. ಎರಡೂ ಪತ್ರಗಳ ಸ್ವೀಕೃತಿ ಚೀಟಿಯನ್ನು ಒಂದೇ ಫೈಲಿನಲ್ಲಿಡಿ.